ಉಪವಾಸದ ವಾರದಲ್ಲಿ ಬೆಣ್ಣೆ ಬಿಸ್ಕತ್ತು

"ತಿನ್ನಬೇಡ. ಅಲ್ಲೇ ಇಡು," ಎಂದಳು ಸೆಮಿಹಾ.

ನಾತೆಲಾಳ ಕೈ ಬಟ್ಟಲಿನ ಮೇಲೆ ಹಾಗೇ ನಿಂತಿತು. ಎರಡು ಬೆರಳಿನ ನಡುವೆ ಬಿಸ್ಕತ್ತು, ಮೂಗಿನ ತುದಿಯಲ್ಲಿ ಸಕ್ಕರೆ ಪುಡಿ.

"ಯಾಕಕ್ಕಾ, ವಿಷ ಹಾಕಿದಾರಾ?"

"ವಿಷ ಅಲ್ಲ ಕಣೇ. ಬೆಣ್ಣೆ ಹಾಕಿದಾರೆ."

ನಾತೆಲಾ ನಗಲು ಬಾಯಿ ತೆರೆದವಳು ಸೆಮಿಹಾಳ ಮುಖ ನೋಡಿ ಮುಚ್ಚಿಕೊಂಡಳು. ಇಡೀ ವಯಸ್ಸನ್ನು ಇಸ್ತಾಂಬುಲಿನ ಪೊಲೀಸ್ ಠಾಣೆಗಳಲ್ಲಿ ಸವೆಸಿ ನಿವೃತ್ತಳಾದ ಹೆಂಗಸು ಬಿಸ್ಕತ್ತನ್ನು ಹಾಗೆ ದಿಟ್ಟಿಸುತ್ತಿದ್ದರೆ ಯಾರಿಗೆ ನಗು ಬರುತ್ತದೆ?

ಶುಕ್ರವಾರದೊಳಗೆ ಮನೆಯ ಮಾಲೀಕರನ್ನು ನೋಟರಿಯ ಮುಂದೆ ಕೂರಿಸಿ ಬಾಡಿಗೆ ಕರಾರಿಗೆ ಸಹಿ ಹಾಕಿಸದಿದ್ದರೆ ಜಾರ್ಜಿಯಾದ ನಾತೆಲಾಳಿಗೆ ಈ ದೇಶದಲ್ಲಿ ವಾಸದ ಪರವಾನಗಿ ಇಲ್ಲ; ಮಾಲೀಕರಾದ, ಗ್ರೀಕ್ ಮೂಲದ ಮದಾಮ್ ಎವಾಂತಿಯಾರನ್ನೋ ಹೋದ ಶರತ್ಕಾಲದಿಂದೀಚೆಗೆ ಈ ಕಟ್ಟಡದಲ್ಲಿ ಕಂಡವರೇ ಇಲ್ಲ.

ಅವರಿಂದ ಬಂದದ್ದು ಈ ಬಟ್ಟಲು ಮಾತ್ರ.

"ಇನ್ನೊಂದ್ಸಲ ಹೇಳು. ನೀನು ಏನು ಕಳಿಸಿದ್ದೆ?"

"ಅಕ್ರೋಟು ರುಬ್ಬಿ ಹಾಕಿದ ಕೆಂಪು ಅವರೆ. ಮದಾಮ್‌ಗೆ ಪ್ರಾಣ ಅದು. ದಲ್ಲಾಳಿ ಒಕ್ತಾಯ್ ಮದಾಮ್ ಇರೋ ದ್ವೀಪಕ್ಕೆ ಹೋಗ್ತೀನಿ ಅಂದ್ರು, ಅವರ ಕೈಲಿ ಕೊಟ್ಟೆ. 'ದಯವಿಟ್ಟು ಒಂದೇ ಒಂದು ಸಲ ನೋಟರಿ ಹತ್ರ ಬನ್ನಿ ಮದಾಮ್' ಅಂತಾನೂ ಹೇಳಿ ಕಳಿಸ್ದೆ. ಬರೋದಿಲ್ಲ ಅಂದ್ರಂತೆ. ಆದ್ರೆ ಬಟ್ಟಲು ತುಂಬಿ ಕಳಿಸಿದಾರೆ ನೋಡಿ. ಪ್ರೀತಿ ಹೋಗಿಲ್ಲ ಅಂದ್ಕೊಂಡೆ."

ಈ ಎರ್ಗುವಾನ್ ಕಟ್ಟಡದಲ್ಲಿ ನೆರೆಮನೆಯ ಬಟ್ಟಲನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ಎಂದೂ ಇರಲಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆ, ಅದೂ ಇಲ್ಲದಿದ್ದರೆ ಕುಂಡದಿಂದ ಕಿತ್ತ ಒಂದೆಸಳು ತುಳಸಿ. ಗ್ರೀಕರ ಮನೆ, ಅರ್ಮೇನಿಯನ್ನರ ಮನೆ, ಮುಸ್ಲಿಮರ ಮನೆ ಎಂದಿಲ್ಲ. ಮೆಟ್ಟಿಲ ಮೇಲೆ ಬಟ್ಟಲುಗಳದೇ ಓಡಾಟ. ಆ ಮೆಟ್ಟಿಲ ಮೇಲೇ ಸೆಮಿಹಾ ನಡೆಯಲು ಕಲಿತದ್ದು. ಮದುವೆಯಾಗಿ ಹೋದವಳು, ಠಾಣೆಯಿಂದ ಠಾಣೆಗೆ ವರ್ಗವಾದವಳು, ಗಂಡನನ್ನು ಕಳೆದುಕೊಂಡು ಈ ಚಳಿಗಾಲದಲ್ಲಿ ಅದೇ ಕಟ್ಟಡದ ಕೆಳಮನೆಗೆ ದಲ್ಲಾಳಿಯ ಮೂಲಕ ಬಾಡಿಗೆದಾರಳಾಗಿ ಮರಳಿದ್ದಳು.

ಗುಮಾಸ್ತನಾಗಿದ್ದ ಅವಳ ಅಪ್ಪ ಈ ಮನೆಗೆ ಬಂದಾಗ ಕರಾರೂ ಇಲ್ಲ, ನೋಟರಿಯೂ ಇಲ್ಲ. ಮದಾಮ್‌ರ ತಂದೆ ಬಾಗಿಲಲ್ಲಿ ನಿಂತು ಅಪ್ಪನ ಮುಖವನ್ನೊಮ್ಮೆ, ಅಮ್ಮನ ಕಂಕುಳಲ್ಲಿದ್ದ ಸೆಮಿಹಾಳನ್ನೊಮ್ಮೆ ನೋಡಿ, "ಕೀಲಿ ತಗೊಳ್ಳಿ. ಗೋಡೆಗೆ ಮೊಳೆ ಹೊಡೆಯೋ ಮುಂಚೆ ಒಂದು ಮಾತು ಹೇಳಿ," ಎಂದಿದ್ದರಂತೆ. ಅಷ್ಟೇ ಕರಾರು. ಅದರ ಮೇಲೆ ಒಂದು ಸಂಸಾರ ಮೂರು ದಶಕ ಬಾಳಿತು.

ನಾತೆಲಾಳ ಕಾಲಕ್ಕೆ ಒಂದು ಕಾಗದ ಬಂದಿತ್ತು. ಪುಸ್ತಕದಂಗಡಿಯಲ್ಲಿ ಸಿಗುವ ಅಚ್ಚಾದ ಕರಾರು. ಮದಾಮ್ ಟೀ ಕುಡಿಯುತ್ತಲೇ ಸಹಿ ಹಾಕಿದ್ದರು. ವಲಸೆ ಕಚೇರಿ ವರ್ಷವರ್ಷವೂ ಅದನ್ನೇ ಒಪ್ಪಿಕೊಳ್ಳುತ್ತಿತ್ತು. ಈ ಸಲ ಕಿಟಕಿಯ ಹಿಂದಿನ ಹುಡುಗಿ ಕಾಗದವನ್ನು ಮೆತ್ತಗೆ ಹಿಂದಕ್ಕೆ ತಳ್ಳಿದಳು. ಇದು ಸಾಲದು; ವಿದೇಶಿಯರ ಕರಾರಿಗೆ ನೋಟರಿಯ ಮುದ್ರೆ ಬೇಕು; ಮಾಲೀಕರೇ ಬಂದು ಸಹಿ ಹಾಕಬೇಕು.

ಪರವಾನಗಿ ಹೋದರೆ ನಾತೆಲಾಳ ಹೊಲಿಗೆ ಕೆಲಸ ಹೋಯಿತು. ಮಗಳು ಲಿಯಾ ಜೂನ್‌ನಲ್ಲಿ ಬರೆಯಬೇಕಾದ ಕಾಲೇಜು ಪ್ರವೇಶದ ಪರೀಕ್ಷೆ ಹೋಯಿತು. ತಾಯಿ ಮಗಳು ಇಬ್ಬರೂ ಗಡಿ ದಾಟುವ ಬಸ್ಸು ಹತ್ತಬೇಕು. ಬೇರೆ ಮನೆ ಹುಡುಕೋಣವೆಂದರೆ, ವಿದೇಶಿ ಎಂದ ಕೂಡಲೇ ಬಾಗಿಲು ಹಾಕಿಕೊಳ್ಳುವವರೇ ಹೆಚ್ಚು.

"ನಾತೆಲಾ, ಈಗ ಯಾವ ತಿಂಗಳು? ನಿಮ್ಮ ಚರ್ಚಿನ ಲೆಕ್ಕದಲ್ಲಿ ಹೇಳು."

"ಈಸ್ಟರ್ ಮುಂಚಿನ ದೊಡ್ಡ ಉಪವಾಸ ನಡೀತಿದೆ." ನಾತೆಲಾಳ ದನಿ ತಗ್ಗಿತು. "ಅದು ನನಗೂ ಹೊಳೀತಕ್ಕಾ. ಹಾಲು, ಬೆಣ್ಣೆ, ಮೊಟ್ಟೆ ಒಂದೂ ಮುಟ್ಟೋ ಹಾಗಿಲ್ಲ. ನಾನಂತೂ ಹಿಡಿಯಲ್ಲ, ಮದಾಮ್ ಹಿಡೀತಾರೆ. ಅದಕ್ಕೇ ನಾನು ಅವರೆ ಕಳಿಸಿದ್ದು. ಆದ್ರೆ ವಯಸ್ಸಾಯ್ತಲ್ಲ, ಡಾಕ್ಟರು ಉಪವಾಸ ಬೇಡ ಅಂದಿರ್ತಾರೆ ಅಂದ್ಕೊಂಡೆ."

"ಡಾಕ್ಟರು ಹೇಳಿದ್ರೆ ಮದಾಮ್ ಡಾಕ್ಟರನ್ನೇ ಬಿಡ್ತಾರೆ."

ಸೆಮಿಹಾಳಿಗೆ ಎಳ್ಳೆಣ್ಣೆ ಹಲ್ವದ ವಾಸನೆ ಮೂಗಿಗೆ ಬಂದಂತಾಯಿತು. ಉಪವಾಸದ ವಾರಗಳಲ್ಲಿ ಎರಡನೇ ಮಹಡಿಗೆಲ್ಲ ಅದೇ ವಾಸನೆ. ಚಿಕ್ಕವಳಿದ್ದಾಗ ಒಮ್ಮೆ ಅಮ್ಮ ಕೊಟ್ಟ ಚೀಸ್ ಹಾಕಿದ ಕಡುಬನ್ನು ತಟ್ಟೆಯಲ್ಲಿಟ್ಟುಕೊಂಡು ಮೇಲೆ ಹೋಗಿದ್ದಳು. ಮದಾಮ್ ಬಗ್ಗಿ ಅವಳ ಗಲ್ಲ ಹಿಡಿದು, "ನನ್ನ ಜೀವವೇ, ಇದರ ಹೆಸರಿನಲ್ಲಿ ಈಸ್ಟರ್ ದಿನ ನಿನಗೆ ಎರಡು ಕೆಂಪು ಮೊಟ್ಟೆ ಕೊಡ್ತೀನಿ, ಈಗ ಕೆಳಗೆ ತಗೊಂಡು ಹೋಗು," ಎಂದಿದ್ದರು. ಸಣ್ಣ ಮಗುವಿನ ಮನಸ್ಸು ಉಳಿಸಲೂ ಒಂದು ಚೂರು ಬಾಯಿಗಿಡದವರು ಈಗ ತಾವೇ ಬೆಣ್ಣೆ ಕಲಸಿ ಬಿಸ್ಕತ್ತು ಸುಡುತ್ತಾರೆಯೇ?

ಕಿಟಕಿಯ ಬೆಳಕಿಗೆ ಒಂದು ಬಿಸ್ಕತ್ತನ್ನು ಹಿಡಿದಳು. ನಡುವೆ ದುಂಡನೆಯ ಗುಳಿ. ಗುಳಿಯ ತಳದಲ್ಲಿ ಜೇನುಗೂಡಿನ ಹಾಗೆ ಒತ್ತೊತ್ತಾಗಿ ಚುಕ್ಕೆಗಳು.

"ಇದು ಯಾವ ಅಚ್ಚು?"

ನಾತೆಲಾ ಬಗ್ಗಿ ನೋಡಿದಳು. "ಅಚ್ಚಲ್ಲ ಅಕ್ಕಾ. ನಮ್ಮ ಸಾಮಾನು ಇದು. ಹೊಲಿಯುವಾಗ ಬೆರಳಿಗೆ ಹಾಕ್ಕೋತೀವಲ್ಲ ತಗಡಿನ ಟೊಪ್ಪಿಗೆ, ಅದರಲ್ಲಿ ಒತ್ತಿದಾರೆ."

ಎಲ್ಲೋ ನೋಡಿದ್ದೇನೆ, ಎನಿಸಿತು ಸೆಮಿಹಾಳಿಗೆ. ನೆನಪು ಹೊಸ್ತಿಲವರೆಗೆ ಬಂದು ಒಳಗೆ ಬರಲು ಸಂಕೋಚಪಡುವ ನೆಂಟನಂತೆ ನಿಂತುಬಿಟ್ಟಿತು.

ಅವಳು ಕೋಟು ತೊಟ್ಟಳು.

*

ಒಕ್ತಾಯ್‌ನ ಮನೆ ದಲ್ಲಾಳಿ ಅಂಗಡಿ ಬೀದಿಯ ಮೂಲೆಯಲ್ಲಿ. ಮೊದಲು ಅದೇ ಜಾಗದಲ್ಲಿ ಉಪ್ಪಿನಕಾಯಿ ಅಂಗಡಿಯಿತ್ತು. ಮಳೆ ಬಂದ ದಿನ ಗೋಡೆ ಇನ್ನೂ ವಿನಿಗರ್ ವಾಸನೆ ಬಿಡುತ್ತದೆ ಎಂದು ಬೀದಿಯವರು ನಗುತ್ತಾರೆ. ಗಾಜಿನ ಮೇಲೆ ತಲೆಯಿಂದ ಕಾಲಿನವರೆಗೆ ಬಾಡಿಗೆ ಮನೆಗಳ ಚಿತ್ರ.

"ಬನ್ನಿ ಇನ್ಸ್‌ಪೆಕ್ಟರಮ್ಮ, ಬನ್ನಿ! ಟೀ ಹೇಳ್ತೀನಿ."

"ಟೀ ಆಮೇಲೆ. ನಾತೆಲಾಗೆ ಬೇರೆ ಯಾರದೋ ಮನೆಯ ಕರಾರು ಮಾಡಿಸ್ಕೊಡ್ತೀನಿ ಅಂದಿದ್ಯಂತೆ?"

ಒಕ್ತಾಯ್ ಕುರ್ಚಿಯಲ್ಲಿ ಜರುಗಿದ. "ಸಹಾಯ ಮಾಡೋಣ ಅಂತ. ಕಾಗದದಲ್ಲಿ ಒಂದು ಮನೆ, ವಾಸ ಒಂದು ಮನೆ. ಊರೆಲ್ಲ ಮಾಡುತ್ತೆ."

"ಊರೆಲ್ಲ ಸಿಕ್ಕಿಹಾಕ್ಕೊಳ್ಳುತ್ತೆ. ಆ ವಿಳಾಸಕ್ಕೆ ಪೊಲೀಸ್ ಹೋಗಿ ಬಾಗಿಲು ತಟ್ಟಿದಾಗ ಯಾರಪ್ಪಾ ತೆಗೀತಾರೆ, ನಿಮ್ಮಜ್ಜಿನಾ? ಆಮೇಲೆ ಅವಳಿಗೆ ಈ ದೇಶದ ಬಾಗಿಲು ಜನ್ಮದಲ್ಲಿ ತೆರೆಯೋದಿಲ್ಲ. ಅಷ್ಟಕ್ಕೂ ಅವಳು ಹೋದ್ರೆ ಆ ಮನೇನ ಪ್ರವಾಸಿಗಳಿಗೆ ದಿನಬಾಡಿಗೆಗೆ ಬಿಡಬಹುದು ಅಂತ ನಿನ್ನ ಲೆಕ್ಕ."

"ಅಯ್ಯೋ, ಏನಮ್ಮ ನೀವು, ಹೊಟ್ಟೇಲಿರೋದನ್ನೆಲ್ಲ ಹೊರಗೆ ತೆಗೀತೀರ."

"ಹೊಟ್ಟೆ ಮಾತು ನೀನೇ ತೆಗೆದೆ. ಆ ಬಟ್ಟಲು ದಾರೀಲಿ ನೀನೇ ಖಾಲಿ ಮಾಡಿದ್ಯಾ?"

"ದೇವರಾಣೆ ಇಲ್ಲ! ಹಡಗಲ್ಲಿ ತೊಡೆ ಮೇಲೆ ಇಟ್ಕೊಂಡು ಮಗು ಥರ ಹೊತ್ತ್ಕೊಂಡು ಹೋದೆ. ಮದಾಮ್ ಕೈಗೇ ಕೊಟ್ಟೆ. ಕೂತ್ಕೊ ಅಂದ್ರು, ಬಿಸ್ಕತ್ತು ಆಗ ತಾನೇ ಒಲೆಯಿಂದ ತೆಗೆದಿದ್ರು, ಬಿಸಿಬಿಸಿ ತುಂಬಿ ಕೊಟ್ರು. ನಾನೂ ಎರಡು ತಿಂದೆ. ಸುಳ್ಳು ಯಾಕೆ, ನಾಲ್ಕು ತಿಂದೆ."

ಹಾಗಾದರೆ ಇವನು ಅಡ್ಡದಾರಿಯಲ್ಲಿ ಏನೂ ಮಾಡಿಲ್ಲ. ಬಿಸ್ಕತ್ತು ಆ ಮನೆಯ ಒಲೆಯದೇ. ಸೆಮಿಹಾ ಎದುರಿನ ಕುರ್ಚಿ ಎಳೆದು ಕುಳಿತಳು.

"ಈ ಅಂಗಡಿ ತಗೊಳ್ಳೋ ಮುಂಚೆ ಮದಾಮ್‌ನ ನೋಡಿದ್ಯಾ?"

"ಇಲ್ಲ. ನಾನು ಈ ಪೇಟೆಗೇ ಹೊಸಬ. ಅವರು ದ್ವೀಪಕ್ಕೆ ಹೋದ ಮೇಲೇ ಫೋನ್ ಮಾಡಿ ಬಾಡಿಗೆ ವಸೂಲಿ ಮಾಡು ಅಂದ್ರು. ಕಟ್ಟಡದ ಕೀಲಿ ಗೊಂಚಲು ಅವರ ಸೊಂಟದಲ್ಲೇ ಇತ್ತು. ಬಾಡಿಗೆದಾರರ ಹೆಸರು, ಯಾವ ನಲ್ಲಿ ಸೋರುತ್ತೆ, ಯಾವ ಮೆಟ್ಟಿಲು ಸಡಿಲ, ಎಲ್ಲ ಬಾಯಿಪಾಠ. ಅನುಮಾನ ಯಾಕೆ ಪಡ್ಲಿ?"

"ಮಾತು ಹೇಗೆ? ರಾಗವಾಗಿ ಎಳೀತಾರಾ? ಮಾತಿಗೊಮ್ಮೆ 'ನನ್ನ ಜೀವವೇ' ಅಂತಾರಾ?"

ಒಕ್ತಾಯ್ ತಲೆ ಕೆರೆದುಕೊಂಡ. "ಜೀವ ಗೀವ ಏನಿಲ್ಲಪ್ಪ. ಗಟ್ಟಿ ಮಾತು. ಹಳ್ಳಿ ಕಡೆ ಮಾತು. ನಮ್ಮಜ್ಜಿ ಸಿವಾಸ್‌ನೋರು, ಥೇಟ್ ಅವರ ಹಾಗೇ. ನನಗೆ ಅದಕ್ಕೇ ಇಷ್ಟ ಆದ್ರು."

ಸೆಮಿಹಾ ಕುರ್ಚಿ ಬಿಟ್ಟು ಎದ್ದಳು. ತಾನು ಆಡಿದ ಮಾತಿನ ಅರ್ಥ ಒಕ್ತಾಯ್‌ಗೇ ನಿಧಾನವಾಗಿ ಹೊಳೆಯಿತು.

"ಗ್ರೀಕ್ ಮದಾಮು..." ಎಂದ. "ಇಸ್ತಾಂಬುಲಲ್ಲೇ ಹುಟ್ಟಿದೋರು..."

"ಹೂಂ."

"ಸಿವಾಸ್ ಹಳ್ಳಿ ಭಾಷೆ ಎಲ್ಲಿಂದ ಬಂತು?"

"ಅದನ್ನೇ ಕೇಳ್ಕೊಂಡು ಬರ್ತೀನಿ. ವಿಳಾಸ ಕೊಡು."

ಒಕ್ತಾಯ್‌ನ ಮುಖ ಸುಣ್ಣದ ಗೋಡೆಯಾಗಿತ್ತು. ಯಾರ ಕೈಗೆ ಇಷ್ಟು ತಿಂಗಳ ಬಾಡಿಗೆ ಸುರಿದೆನೋ ಎಂಬ ಚಿಂತೆ ಅವನದು. "ಹೇಬೆಲಿ ದ್ವೀಪ. ಚರ್ಚಿನ ಹಿಂದಿನ ಏರು. ಹಸಿರು ಕಿಟಕಿ..."

"ಸಾಕು," ಎಂದಳು ಸೆಮಿಹಾ. ಮುಂದಿನದು ಅವಳಿಗೆ ಗೊತ್ತಿತ್ತು. ಹಸಿರು ಕಿಟಕಿಯ ಮರದ ಮನೆ, ಅಂಗಳದಲ್ಲಿ ಅಂಜೂರದ ಮರ, ಮೇಲಿನ ಕೋಣೆಯಲ್ಲಿ ಮಕ್ಕಳಿಗಾಗಿ ಹಾಸಿದ ಚಾಪೆ. ಮದಾಮ್‌ರ ತಂಗಿಯ ಬೇಸಿಗೆ ಮನೆ.

*

ಹಡಗಿನಲ್ಲಿ ಹೊರಗಿನ ಬೆಂಚಿಗೇ ಹೋಗಿ ಕುಳಿತಳು. ಮೊದಲು ಇವು ಮರದ ಬೆಂಚುಗಳು. ಬಿಸಿಲಿಗೆ ಕಾದು ತೊಡೆ ಸುಡುತ್ತಿದ್ದವು. ಈಗ ಎಲ್ಲ ನೀಲಿ ಪ್ಲಾಸ್ಟಿಕ್ಕು. ಸಮುದ್ರ ಮಾತ್ರ ಯಾರಿಗಾಗಿಯೂ ಬದಲಾಗಿರಲಿಲ್ಲ.

ಆಗೆಲ್ಲ ಮದಾಮ್ ಬೇಸಿಗೆಯಲ್ಲಿ ಕಟ್ಟಡದ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಇದೇ ಹಡಗು ಹತ್ತುತ್ತಿದ್ದರು. ತಲೆಗೆ ಹುಲ್ಲಿನ ಟೋಪಿ, ಕೈಯಲ್ಲಿ ಬುತ್ತಿಯ ಬುಟ್ಟಿ. ಅವರಿಗೆ ಮಕ್ಕಳಿರಲಿಲ್ಲ. ಅವರ ಕಡೆಯವರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿ ಅಥೆನ್ಸಿಗೆ ಹೋದಾಗಲೂ ಅವರು ಹೋಗಲಿಲ್ಲ. "ಅಲ್ಲಿ ನನಗೆ ಯಾರ ಮನೆ ಬಟ್ಟಲು ಬರುತ್ತೆ?" ಎನ್ನುತ್ತಿದ್ದರು.

ಬುಟ್ಟಿಯಲ್ಲಿ ಆಲಿವ್, ಟೊಮೇಟೊ, ಬ್ರೆಡ್ಡು. ಇನ್ನೊಂದು ಪೊಟ್ಟಣ. ಆ ಪೊಟ್ಟಣದ ಗಂಟು ಬಿಚ್ಚುತ್ತಿದ್ದ ಕೈ ಇನ್ನೊಬ್ಬ ಹುಡುಗಿಯದು. ಕಟ್ಟಡ ಕಾಯುವವನ ಮಗಳು.

ಹೊಸ್ತಿಲಲ್ಲಿ ನಿಂತಿದ್ದ ನೆಂಟ ಆಗ ಒಳಗೆ ಬಂದ.

ನೆಲಮಾಳಿಗೆಯ ಒಂದೇ ಕೋಣೆಯಲ್ಲಿದ್ದ, ಆ ಕಾವಲುಗಾರನ ಹೆಂಡತಿ ಹಜೆರ್ ಚಿಕ್ಕಮ್ಮ. ಸಿವಾಸ್ ಕಡೆಯ ಹಳ್ಳಿಯಿಂದ ಬಂದವಳು. ಹಬ್ಬಕ್ಕೆ ಬಿಸ್ಕತ್ತು ಮಾಡಿದರೆ ಒತ್ತಲು ಅಚ್ಚಿಲ್ಲ. ಹೊಲಿಗೆ ಡಬ್ಬಿಯಿಂದ ಬೆರಳ ಟೊಪ್ಪಿಗೆ ತೆಗೆದು ತೊಳೆದು, ಒಂದೊಂದನ್ನೂ ಒತ್ತಿ, "ಬಡವರ ಮುದ್ರೆ ಕಣ್ರೇ ಇದು," ಎಂದು ನಗುತ್ತಿದ್ದಳು. ಚಿಕ್ಕಮ್ಮ ತೀರಿಕೊಂಡು ಯಾವ ಕಾಲವಾಯಿತು. ಮಗಳು ಜರ್ಮನಿಯ ಕಾರ್ಖಾನೆಗೆಂದು ಹೋದವಳು ಹಿಮದಲ್ಲಿ ನಿಂತ ಒಂದು ಫೋಟೋ ಕಳಿಸಿ, ಆಮೇಲೆ ಸುದ್ದಿಯೇ ಇಲ್ಲ.

ಸೆಮಿಹಾ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

*

ಬಾಗಿಲು ತಟ್ಟಿದ ಮೇಲೆ ಬಹಳ ಹೊತ್ತು ಯಾರೂ ಬರಲಿಲ್ಲ. ಕಿಟಕಿಯ ಪರದೆ ಅಲುಗಿತು. ಆಮೇಲೆ ಚಿಲಕ ತೆಗೆದ ಸದ್ದು.

ಮದಾಮ್‌ರ ನೀಲಿ ಸ್ವೆಟರು. ಮದಾಮ್‌ರ ಕನ್ನಡಕ. ಸೊಂಟದಲ್ಲಿ ಮದಾಮ್‌ರ ಕೀಲಿ ಗೊಂಚಲು. ಅದರೊಳಗೆ ನಿಂತಿದ್ದವಳು ಮಾತ್ರ ಬೇರೆ.

"ಮುದುಕಿ ಆಗಿದೀಯ ಕಣೇ ಸೆಮಿಹಾ," ಎಂದಳು ಒಳಗಿನವಳು.

"ನೀನೇನು ಮದುಮಗಳಾ, ದುರ್ದಾನೆ?"

ಇಬ್ಬರಿಗೂ ಒಂದೇ ಸಲ ನಗು ಬಂತು, ಒಂದೇ ಸಲ ನಿಂತೂ ಹೋಯಿತು. ದುರ್ದಾನೆ ಬಾಗಿಲಿಗೆ ಅಡ್ಡವಾಗಿಯೇ ನಿಂತಿದ್ದಳು. ಒಂದು ಕೈ ಚೌಕಟ್ಟಿನ ಮೇಲೆ.

"ಬಿಸ್ಕತ್ತು ನೋಡಿ ಬಂದ್ಯಾ?"

"ಉಪವಾಸದ ವಾರದಲ್ಲಿ ಬೆಣ್ಣೆ. ನಿನಗೆ ನೆನಪಿರಲಿಲ್ವಾ?"

"ಬಟ್ಟಲು ತುಂಬಿ ಆ ದಲ್ಲಾಳಿ ಕೈಗೆ ಕೊಟ್ಟ ಮೇಲೆ ನೆನಪಾಯ್ತು. ಓಡಿ ಹೋಗಿ ಕಿತ್ಕೊಳ್ಳೋಣ ಅಂದ್ರೆ ಮಂಡಿ ಬರಲ್ಲ." ದುರ್ದಾನೆ ತುಟಿ ಕಚ್ಚಿದಳು. "ಬರಿದು ಬಟ್ಟಲು ಕಳಿಸಿದ್ರೆ ಸರಿಹೋಗ್ತಿತ್ತು. ಕೈ ಬರ್ಲಿಲ್ಲ ಕಣೇ. ಅಮ್ಮ ಎದ್ದು ಬಂದು ಬಾರಿಸ್ತಾಳೆ ಅನ್ನಿಸ್ತು."

"ಬರಿದು ಬಂದಿದ್ರೂ ನಾನು ಬರ್ತಿದ್ದೆ."

"ಗೊತ್ತು. ನೀನು ಚಿಕ್ಕೋಳಿದ್ದಾಗ್ಲೂ ಹೀಗೇ. ಮೂಗು ತೂರಿಸದ ಗಡಿಗೆ ಇಲ್ಲ."

ಅಂಗಳದ ಅಂಜೂರದಲ್ಲಿ ಎಳೆ ಎಲೆ ಒಡೆದಿತ್ತು. ಇದೇ ಮರದ ಕೆಳಗೆ ಇವರಿಬ್ಬರ ಒದ್ದೆ ಕೂದಲನ್ನು ಮದಾಮ್ ಒಂದೇ ಬಾಚಣಿಗೆಯಲ್ಲಿ ಬಾಚುತ್ತಿದ್ದರು. ಮೊದಲು ಕಾವಲುಗಾರನ ಮಗಳದು, ಆಮೇಲೆ ಗುಮಾಸ್ತನ ಮಗಳದು. ದುರ್ದಾನೆಯ ಕೂದಲು ಬೇಗ ಸಿಕ್ಕುಗಟ್ಟುತ್ತದೆ, ಅದಕ್ಕೆ ಮೊದಲು ಅವಳು, ಎನ್ನುತ್ತಿದ್ದರು. ಸೆಮಿಹಾಳಿಗೆ ಹೊಟ್ಟೆಕಿಚ್ಚಾಗುತ್ತಿತ್ತು.

"ಮದಾಮ್ ಎಲ್ಲಿ?"

ದುರ್ದಾನೆ ಇನ್ನೊಂದು ಕೈಯಿಂದ ಸೊಂಟದ ಕೀಲಿ ಗೊಂಚಲನ್ನು ಮುಚ್ಚಿಹಿಡಿದಳು.

"ದುರ್ದಾನೆ, ನಾನು ನಿನ್ನನ್ನ ಹಿಡ್ಕೊಂಡು ಹೋಗೋಕೆ ಬಂದಿಲ್ಲ. ಮೂರನೇ ಮಹಡೀಲಿ ಒಬ್ಬ ತಾಯಿ, ಒಬ್ಬ ಮಗಳು ಇದಾರೆ. ಮದಾಮ್ ನೋಟರಿ ಎದುರು ಕೂತು ಒಂದು ಸಹಿ ಹಾಕಿದ್ರೆ ಅವರು ಉಳೀತಾರೆ. ಇಲ್ಲಾಂದ್ರೆ ಮಗು ಪರೀಕ್ಷೆ ಬಿಟ್ಟು ಬಸ್ ಹತ್ತುತ್ತೆ. ಅಷ್ಟೇ ನನಗೆ ಬೇಕಿರೋದು."

"ಅವಳ ಅವರೆ ಚೆನ್ನಾಗಿತ್ತು," ಎಂದಳು ದುರ್ದಾನೆ ಇದ್ದಕ್ಕಿದ್ದಂತೆ. "ಬೆಳ್ಳುಳ್ಳಿ ಜಾಸ್ತಿ. ಆದ್ರೆ ಕೈ ಒಳ್ಳೇದು." ಆಮೇಲೆ ದನಿ ತಗ್ಗಿಸಿ, "ಸಹಿ ಬೇಕು ತಾನೆ? ನಾನೇ ಬರ್ತೀನಿ. ಎವಾಂತಿಯಾ ಆಗಿ."

"ತಲೆ ಕೆಟ್ಟಿದ್ಯಾ? ಗುರುತಿನ ಚೀಟೀಲಿ ಫೋಟೋ ಇದೆ."

"ಯಾವ ಕಾಲದ ಫೋಟೋ? ಕನ್ನಡಕ, ಬಿಳಿ ತಲೆ, ಸುಕ್ಕು. ಮುದುಕಿಯರ ಮುಖ ಯಾರು ಕಣ್ಣಿಟ್ಟು ನೋಡ್ತಾರೆ ಹೇಳು. ಸಹಿ ಕಲಿತಿದೀನಿ. ಇಲ್ಲಿವರೆಗೂ ನಾನು ಬರಲ್ಲ ಅಂದಿದ್ದು ಒಂದೇ ಭಯಕ್ಕೆ: 'ಇವರು ಅವರೇನಾ' ಅಂತ ನೋಟರಿ ಒಂದು ಮಾತು ಕೇಳಿದ್ರೆ ಹೂಂ ಅನ್ನೋರು ಯಾರೂ ಇರ್ಲಿಲ್ಲ." ಕನ್ನಡಕದ ಹಿಂದಿನ ಕಣ್ಣು ನೇರವಾಗಿ ಸೆಮಿಹಾಳ ಮೇಲೆ ನೆಟ್ಟಿತು. "ಈಗ ನೀನಿದೀಯ. ಹಳೇ ಪೊಲೀಸು, ಅದೇ ಕಟ್ಟಡದಲ್ಲಿ ಬೆಳೆದೋಳು. ನೀನು ಹೂಂ ಅಂದ್ರೆ ನೋಟರಿ ತಲೆ ಎತ್ತಿ ಕೂಡ ನೋಡಲ್ಲ."

"ಅದು ಸುಳ್ಳು ಸಾಕ್ಷಿ."

"ಹೌದು. ಸತ್ಯ ಬೇಕಾದ್ರೆ ಠಾಣೆಗೆ ಹೋಗು. ನನ್ನನ್ನ ಒಳಗೆ ಹಾಕ್ತಾರೆ, ಮನೆಗೆ ಬೀಗ ಜಡೀತಾರೆ. ನಿನ್ನ ಜಾರ್ಜಿಯಾದ ಹುಡುಗಿ ಯಾರ ಹತ್ರ ಕರಾರು ಮಾಡಿಸ್ಕೋತಾಳೆ? ಗೋಡೆ ಹತ್ರನಾ?"

"ಮದಾಮ್ ಎಲ್ಲಿ ಅಂತ ಕೇಳ್ದೆ."

"ನೀನು ನೋಟರಿಗೆ ಬರ್ತೀಯೋ ಇಲ್ವೋ ಅಂತ ನಾನು ಕೇಳ್ದೆ. ಮೊದಲು ನಿನ್ನ ಉತ್ತರ. ಆಮೇಲೆ ನನ್ನದು."

ಕೈಚೀಲದಲ್ಲಿ ಫೋನ್ ಕುಣಿಯಿತು. ನಾತೆಲಾ. ಸೆಮಿಹಾ ಕಿವಿಗಿಟ್ಟುಕೊಂಡಳು, ಆ ಕಡೆಯ ದನಿ ಎಷ್ಟು ಎತ್ತರದಲ್ಲಿತ್ತೆಂದರೆ ದುರ್ದಾನೆಗೂ ಕೇಳಿಸುತ್ತಿತ್ತು.

"ಅಕ್ಕಾ! ನೋಟರಿಯವರು ನಾಳೆ ಬೆಳಿಗ್ಗೆ ಬನ್ನಿ ಅಂದಿದಾರೆ. ಅದು ಬಿಟ್ರೆ ಮುಂದಿನ ವಾರ ಅಂತೆ, ಅಷ್ಟರಲ್ಲಿ ಎಲ್ಲ ಮುಗಿದುಹೋಗುತ್ತೆ. ಏನು ಹೇಳ್ಲಿ? ಲಿಯಾ ಬೆಳಗಿಂದ ಪುಸ್ತಕ ಮುಟ್ಟಿಲ್ಲ ಅಕ್ಕಾ, ಬಟ್ಟೆ ಮಡಚ್ತಾ ಕೂತಿದಾಳೆ. ಮದಾಮ್ ಸಿಕ್ಕಿದ್ರಾ?"

ಠಾಣೆಯ ಆ ಎಲ್ಲ ವರ್ಷಗಳಲ್ಲಿ ಸೆಮಿಹಾ ಎಷ್ಟೋ ಜನರ ಸುಳ್ಳನ್ನು ಬಾಯಿಂದ ಬೀಳುವ ಮೊದಲೇ ಹಿಡಿದಿದ್ದಳು. ತನ್ನದೊಂದು ಸುಳ್ಳು ಹೇಗೆ ಹುಟ್ಟುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಎದುರಿನ ಕಣ್ಣನ್ನು ಬಿಡದೆ, ದನಿ ನಡುಗದಂತೆ ಹೇಳಿದಳು:

"ಸಿಕ್ಕಿದಾರಮ್ಮ. ನಾಳೆ ಬರ್ತಾರೆ. ಬಟ್ಟೆ ಬಿಚ್ಚಿಡೋಕೆ ಹೇಳು ಲಿಯಾಗೆ."

ಫೋನ್ ಚೀಲಕ್ಕೆ ಬಿತ್ತು. ದುರ್ದಾನೆಯ ಕೈ ಚೌಕಟ್ಟಿನಿಂದ ಜಾರಿ ಕೆಳಗಿಳಿಯಿತು. 

"ಹಾಗಿದ್ರೆ ಒಂದು ಮಾತು," ಎಂದಳು. "ಇವತ್ತಿಂದ ನನ್ನನ್ನ ದುರ್ದಾನೆ ಅನ್ನಬೇಡ. ನಾಳೆ ನೋಟರಿ ಎದುರು ಬಾಯಿ ತಪ್ಪಿ ಬಂದುಬಿಡುತ್ತೆ."

"ಯಾಕೆ, ಆ ಹೆಸರಿನೋಳು ಎಲ್ಲಿ ಹೋದ್ಲು ಅನ್ನಲಿ?"

ದುರ್ದಾನೆ ಬೆರಳೆತ್ತಿ ಏರಿನ ಮೇಲಕ್ಕೆ ತೋರಿಸಿದಳು. ಪೈನ್ ಮರಗಳ ನಡುವೆ ಮುಸ್ಲಿಮರ ಸ್ಮಶಾನದ ಗೋಡೆ ಬಿಳುಪಾಗಿ ಕಾಣುತ್ತಿತ್ತು.

"ಚಳಿಗಾಲದಲ್ಲಿ ಸತ್ಲು. ಇಮಾಮ್ ಬಂದು ಪ್ರಾರ್ಥನೆ ಓದಿದ್ರು. ಹಜೆರ್‌ಳ ಮಗಳು ದುರ್ದಾನೆ ಅಂತ ಹಲಗೆ ನೆಟ್ಟಿದಾರೆ. ಮದಾಮ್ ಮೇಲೆ ಮೊದಲ ಹಿಡಿ ಮಣ್ಣು ಹಾಕಿದ್ದು ನಾನೇ."